ಕುಂಟೆಬಿಲ್ಲೆಗೆ ಇಬ್ಬರು

ಎರಡು ಕಾಲೂ ನೆಟ್ಟಗಿರುವವರು ಬೇಕೆಂದೇ ಒಂದನ್ನು ಮಡಚಿ ಕುಂಟುವ ಆಟಕ್ಕೆ ನಮ್ಮಲ್ಲಿ ಕುಂಟೆಬಿಲ್ಲೆ ಎಂದು ಹೆಸರು. ನಿಜಕ್ಕೂ ಕುಂಟುವವರಿಗೆ ಮಾತ್ರ ಅದರಲ್ಲಿ ಪ್ರವೇಶವಿಲ್ಲ, ವಿಚಿತ್ರವಲ್ಲವೇ? ಭಾವೀ ಶಿಕ್ಷಕರಿಗೆ, ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಸಮನ್ವಯ ಶಿಕ್ಷಣದ ಪಾಠ ಹೇಳುತ್ತಲೇ ತಲೆ ನರೆಸಿಕೊಂಡ ನನಗೆ ಈ ವಿಪರ್ಯಾಸ ಹೊಳೆದದ್ದು ನಿವೃತ್ತಿಯ ಹೊಸ್ತಿಲಲ್ಲಿ, ನವಲಗುಂದದ ಹತ್ತಿರದ ಹಳ್ಳಿಯೊಂದರ ಶಾಲೆಯಂಗಳದಲ್ಲಿ.

ಅದು ನಮ್ಮ ಕಾಲೇಜಿನ ಸೇವಾ ಶಿಬಿರದ ಕೊನೆಯ ದಿನ. ಬೆಳಿಗ್ಗೆ ವಿದ್ಯಾರ್ಥಿಗಳು ಶಾಲೆಯ ಗೋಡೆಗೆ ಸುಣ್ಣ ಬಳಿದಿದ್ದರು. ನಾನು ಮೇಲ್ವಿಚಾರಣೆಯೆಂಬ ಘನವಾದ ಹೆಸರಿನಲ್ಲಿ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಮಧ್ಯಾಹ್ನ ಊರವರನ್ನೂ ಸೇರಿಸಿಕೊಂಡು, ಯಾರೂ ಹೊರಗುಳಿಯದಂತೆ ಆಟ ಆಡಿಸುವುದು ಅವರ ಪರೀಕ್ಷೆ. ಕುಂದಗೋಳ ಕಡೆಯ ವಿದ್ಯಾರ್ಥಿನಿ ಶೋಭಾ ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಬರೆದಳು. ಮಗಳನ್ನು ಕರೆದೊಯ್ಯಲು ಬಂದಿದ್ದ ಮಾಬೂಬಿ ಕೋಲೂರಿ ನಿಂತು ನೋಡುತ್ತಿದ್ದಳು. ಜಮಖಾನ ನೇಯುವಾಕೆ; ಚಿಕ್ಕಂದಿನಲ್ಲೇ ಪೋಲಿಯೊ ಬಂದು ಒಂದು ಕಾಲು ಸೊರಗಿತ್ತು. ಶೋಭಾ ಆಟಕ್ಕೆ ಕರೆದಾಗ ಆಕೆ ನಕ್ಕುಬಿಟ್ಟಳು.

“ಕುಂಟಿಗೆ ಎಂಥಾ ಕುಂಟೆಬಿಲ್ಲಿ, ತಂಗೀ?”

ಶೋಭಾಳ ಮುಖ ಸಣ್ಣದಾಯಿತು. ಇದಕ್ಕೆ ಉತ್ತರ ನನ್ನ ಯಾವ ಉಪನ್ಯಾಸದಲ್ಲೂ ಇರಲಿಲ್ಲ. ಅವಳು ಮಾಬೂಬಿಯ ಹತ್ತಿರ ಹೋದಳು.

“ಹಂಗಾರ ನಿಮಗ ಹೆಂಗ ಆಡಬೇಕನಸ್ತೈತಿ ಹೇಳ್ರಿ ಅಕ್ಕಾರ. ಹಂಗ ಆಡೂಣು.”

ಮಾಬೂಬಿ ಆ ಮನೆಗಳನ್ನೊಮ್ಮೆ ನೋಡಿ, ಬಿಲ್ಲೆ ತಾನು ಒಗೆಯುವುದಾಗಿಯೂ ಕುಂಟುವುದು ಮಗಳ ಪಾಲೆಂದೂ ಹೇಳಿದಳು. ಆಗಲೆಂದು ಎಲ್ಲರೂ ಜೋಡಿ ಜೋಡಿಯಾದರು. ಆಟ ರಂಗೇರಿತು. ಮಗಳು ಗೆರೆ ತುಳಿದಳೆಂದು ಎದುರಿನವರು ತಕರಾರು ತೆಗೆದಾಗ, ತುಳಿದೇ ಇಲ್ಲವೆಂದು ಮಾಬೂಬಿ ಪುಟ್ಟ ಹುಡುಗಿಯಂತೆ ಜಗಳಕ್ಕೇ ನಿಂತಳು. ಜಗಳ ಗೆದ್ದಳು, ಆಟ ಸೋತಳು. ನಾವು ಹೊರಟಾಗ ಶೋಭಾಳ ಕೈ ಹಿಡಿದು ನಾಳೆಯೂ ಬರುತ್ತೀರಾ ಎಂದು ಕೇಳಿದಳು. ನಾಳೆ ಶಿಬಿರವಿರಲಿಲ್ಲ. ರವಿವಾರ ಬರುತ್ತೇನೆಂದು ಶೋಭಾ ಮಾತು ಕೊಟ್ಟಳು. ಗೆಳತಿಯರನ್ನು ಕಟ್ಟಿಕೊಂಡು ಹೋಗಿಯೂ ಬಂದಳು.

ಶಿಬಿರ ಮುಗಿದ ಆ ಸಂಜೆ ಮರಳುವ ಬಸ್ಸಿನಲ್ಲಿ, ಯಾಕೋ ತಡೆಯಲಾರದೆ, ಶೋಭಾಳಿಗೆ ನನ್ನ ಅಕ್ಕನ ವಿಷಯ ಹೇಳಿದೆ. ಅವಳಿಗೂ ಕಾಲು ಸರಿಯಿರಲಿಲ್ಲ. ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ನಾವೆಲ್ಲ ಆಡುವಾಗ ಕಟ್ಟೆಯ ಮೇಲೆ ಕೂತು ನಮ್ಮ ಚಪ್ಪಲಿ ಕಾಯುತ್ತಿದ್ದಳು. ತೀರಿಕೊಂಡು ಬಹಳ ವರ್ಷಗಳಾದವು.

ಶೋಭಾ ಮೆಲ್ಲಗೆ ಕೇಳಿದಳು: “ಅವರಿಗೆ ಯಾವ ಆಟ ಆಡಬೇಕನಸ್ತಿತ್ರಿ, ಸರ್?”

ನನಗೆ ಗೊತ್ತಿರಲಿಲ್ಲ. ಹೊರಗೆ ಹತ್ತಿಯ ಹೊಲಗಳ ಮೇಲೆ ಹೊತ್ತು ಇಳಿಯುತ್ತಿತ್ತು. ಒಂದೊಂದೇ ಆಟದ ಹೆಸರು ನೆನೆಯುತ್ತ, ಇದೇ ಇದ್ದೀತು, ಅಲ್ಲ, ಅದಿರಬೇಕು ಎಂದುಕೊಳ್ಳುತ್ತ ಊರು ಬರುವ ತನಕ ಕೂತಿದ್ದೆ.