ಅರೋರಾದ ಬೇಸ್‌ಮೆಂಟಿಗೆ ಬಿಸಿಲು ಬರುತ್ತದೆಯೇ?

ಟೊರಾಂಟೊ ಪಕ್ಕದ ಊರು ಅರೋರಾಕ್ಕೆ ಬಂದ ಮೊದಲ ದಿನದ ನನ್ನ ನೆನಪಿನಲ್ಲಿ ನನ್ನದೇ ಬೆನ್ನು ಕಾಣುತ್ತದೆ. ಎರಡು ಸೂಟ್‌ಕೇಸ್ ಎಳೆದುಕೊಂಡು, ಮನೆಯ ಪಕ್ಕದ ಸಂದಿಯಲ್ಲಿ ಹಿಮ ತುಳಿಯುತ್ತ, ಬೇಸ್‌ಮೆಂಟಿನ ಮೆಟ್ಟಿಲಿಳಿಯುತ್ತಿದ್ದೇನೆ. ಕೊನೆಯ ಮೆಟ್ಟಿಲಲ್ಲಿ ತಲೆ ಬಾಗಿಲಿನ ಚೌಕಟ್ಟಿಗೆ ಬಡಿಯುತ್ತದೆ. ತನ್ನ ಬೆನ್ನನ್ನು ತಾನೇ ನೋಡಿದವರು ಯಾರೂ ಇಲ್ಲ. ಅಂದರೆ ಇದು ನೆನಪಲ್ಲ, ವಿಡಿಯೊ. ಅದನ್ನು ಎಷ್ಟು ಸಲ ನೋಡಿದ್ದೇನೆಂದರೆ, ಅದರ ಕೆಳಗೆ ಹೂತುಹೋದ ನಿಜವಾದ ದಿನ ಹೇಗಿತ್ತೆಂದು ಈಗ ಆಣೆ ಮಾಡಿ ಹೇಳಲಾರೆ.

ವಿಡಿಯೊ ತೆಗೆದವರು ಮನೆಯ ಮಾಲೀಕ ದಯಾನಂದ. ಉಡುಪಿ ಕಡೆಯವರು. ಹಗಲು ವಿಮೆ ಮಾರುತ್ತಾರೆ, ಉಳಿದ ಹೊತ್ತು ಕೆನಡಾವನ್ನು. ಮೈಸೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಾಗ ನಾನು ಈ ದೇಶವನ್ನು ಕಲಿತದ್ದೇ ಅವರ ವಿಡಿಯೊ ಚಾನೆಲಿನಿಂದ. ಟೊರಾಂಟೊ ಎಂದು ಕನ್ನಡದಲ್ಲಿ ಹುಡುಕಿದರೆ ಮೊದಲು ಬರುತ್ತಿದ್ದುದು ಅವರ ನಗುಮುಖ. ಪುರಾವೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ತರಗತಿಯಲ್ಲಿ ಬೋಧಿಸುತ್ತಿದ್ದವನು, ಒಬ್ಬ ಮನುಷ್ಯ ಕೆಂಪು ಮೇಪಲ್ ಮರದ ಕೆಳಗೆ ನಿಂತು ನಕ್ಕದ್ದನ್ನೇ ಪುರಾವೆ ಎಂದುಕೊಂಡೆ.

ಮೈಸೂರಿನಲ್ಲಿ ಬಾಡಿಗೆಗೆ ಕೊಡುವವರು ಜಾತಿ ಕೇಳುತ್ತಾರೆ, ಮೊಟ್ಟೆ ತಿನ್ನುತ್ತೀರಾ ಎನ್ನುತ್ತಾರೆ. ದಯಾನಂದ ಕೇಳಿದ್ದು ಒಂದೇ: "ಕ್ಯಾಮೆರಾಕ್ಕೆ ಹೆದರುದಿಲ್ಲ ಅಲ್ವಾ?" ಸಿಕ್ಕಿದ್ದು ಕೈಯೆತ್ತಿದರೆ ಮುಟ್ಟುವ ಚಾವಣಿ. ದಿಂಬಿನ ಪಕ್ಕದ ಗೋಡೆಯಾಚೆ ಫರ್ನೇಸು, ಎಂದರೆ ಇಡೀ ಮನೆಯನ್ನು ಬಿಸಿ ಮಾಡುವ ಯಂತ್ರ, ಗುರುಗುಡುತ್ತದೆ. ಮೇಲಿನವರನ್ನು ಬೆಚ್ಚಗಿಟ್ಟು ನನಗೆ ಸದ್ದನ್ನು ಮಾತ್ರ ಕೊಡುತ್ತದೆ. ಯೂನಿಯನ್‌ವಿಲ್ ಹತ್ತಿರದ ಕಂಪನಿಯಲ್ಲಿ ದತ್ತಾಂಶ ಸರಿನೋಡುವ ಗುತ್ತಿಗೆ ಕೆಲಸ. ಅಲ್ಲಿ ಎಲ್ಲರೂ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಲ ವಾರ ನಾನು ಉತ್ತರ ಹೇಳುತ್ತ ಒಬ್ಬರ ಹಿಂದೆ ಲಿಫ್ಟಿನವರೆಗೂ ಹೋಗಿದ್ದೆ.

ನಾನು ಬಂದಿಳಿದ ವಿಡಿಯೊದ ಹೆಸರು 'ಮೈಸೂರು ಮೇಷ್ಟ್ರ ಕೆನಡಾ ಕನಸು'. ಹಿನ್ನೆಲೆಯಲ್ಲಿ ಕೊಳಲು. ಅಷ್ಟರಲ್ಲಿ ಗಾಳಿ ತಿರುಗಿತ್ತು. ಓಕ್‌ವಿಲ್‌ನ ಇನ್ನೊಬ್ಬ ಕನ್ನಡಿಗ ತನ್ನ ಚಾನೆಲಿನಲ್ಲಿ 'ದಯವಿಟ್ಟು ಬರಬೇಡಿ' ಎಂದು ಅಳತೊಡಗಿ ದಯಾನಂದರನ್ನು ಹಿಂದೆ ಹಾಕಿದ್ದ. ಏಪ್ರಿಲ್ ಹೊತ್ತಿಗೆ ನನ್ನದೇ ಬೆನ್ನು, ಅದೇ ಸೂಟ್‌ಕೇಸ್, ಅದೇ ತಲೆಯ ಪೆಟ್ಟು 'ಮೈಸೂರು ಮೇಷ್ಟ್ರ ಕೆನಡಾ ನರಕ'ವಾಗಿ ಮತ್ತೆ ಬಂತು. ಬದಲಾದದ್ದು ಸಂಗೀತ ಮಾತ್ರ.

ನಾನು ನಕ್ಕು ಬಿಟ್ಟೆ. ನನ್ನ ಹೆಂಡತಿ ಸುಮನಾ ನಗಲಿಲ್ಲ. ಅವಳು ಮೈಸೂರಿನ ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಅವಳ ವೀಸಾ ಬಂದಿತ್ತು. ಇಲ್ಲಿಗೆ ಬರಲು ಮೇ ಮುಗಿಯುವುದರೊಳಗೆ ರಾಜೀನಾಮೆ ಕೊಡಬೇಕಿತ್ತು. ಫೋನು ಮಾಡಿದಳು.

"ಅಲ್ರೀ, ಅಲ್ಲಿ ಬಿಸಿಲೇ ಬರಲ್ವಂತಲ್ಲ?"

"ಯಾರು ಹೇಳಿದ್ದು?"

"ಸರ್ಚ್ ಮಾಡ್ದೆ. ವಿಡಿಯೊ ಗಿಡಿಯೊ ನೋಡೋದೇ ಬೇಡ ಈಗ, ಮೇಲ್ಗಡೆ ಸರ್ಚೇ ಉತ್ತರ ಬರೆದು ಕೊಡುತ್ತೆ. 'ಅರೋರಾದ ಬೇಸ್‌ಮೆಂಟುಗಳಿಗೆ ಬಿಸಿಲು ಬರುವುದಿಲ್ಲ ಎನ್ನುತ್ತಾರೆ ನಿವಾಸಿಗಳು.' ನಿವಾಸಿಗಳು ಅಂದ್ರೆ ನೀವು. ಪಕ್ಕದಲ್ಲೇ ಫೋಟೋ ಇದೆ, ಬಾಯಿ ತೆರ್ಕೊಂಡು."

"ನಾನು ಹಾಗಂದೇ ಇಲ್ಲ. ಕತ್ತರಿಸಿ ಅಂಟಿಸಿರ್ತಾರೆ."

"ನನ್ನ ಹತ್ರ ಎಲ್ಲ ಚೆನ್ನಾಗಿದೆ ಅಂತೀರಿ, ಕ್ಯಾಮೆರಾ ಹತ್ರ ಇನ್ನೊಂದು. ಹದಿನಾಲ್ಕು ವರ್ಷದ ಕೆಲಸ ಬಿಡೋಳು ನಾನು. ಯಾವ ಗಂಡನ್ನ ನಂಬ್ಲಿ?"

ಮೆಟ್ಟಿಲು ಹತ್ತಿ ದಯಾನಂದರ ಬಾಗಿಲು ಬಡಿದೆ. ಅಳಿಸಿ ಎಂದೆ.

"ಅಳಿಸುದಾ? ಎಂತ ಮಾರಾಯ್ರೆ! ಮೊದ್ಲು ಆ ಓಕ್‌ವಿಲ್‌ನವ ನನ್ನ ವ್ಯೂಸ್ ತಿಂದ. ಈಗ ಸರ್ಚು ನಮ್ಮಿಬ್ಬರದ್ದೂ ತಿಂತಾ ಉಂಟು. ನಾವು ಹೇಳಿದ್ದನ್ನು ಅದೇ ಹೇಳಿದ್ರೆ ನಮ್ಮನ್ನು ಒತ್ತಿ ನೋಡುದು ಯಾರು? ಈ ವರ್ಷ ಓಡಿದ್ದು ನಿಮ್ದೊಂದೇ. ನಿಮ್ಮ ಮುಖದಲ್ಲೊಂದು ದುಃಖ ಉಂಟು ಮೇಷ್ಟ್ರೇ, ಅದು ಬೇಕೂಂತ ಹುಡುಕಿದ್ರೆ ಸಿಗ್ಲಿಕ್ಕಿಲ್ಲ."

"ಸುಳ್ಳು ಮಾತು ಅಂಟಿಸಿದ್ದೀರಿ."

"ನಾನಾ?" ಅವರಿಗೆ ನಿಜವಾಗಿಯೂ ಬೇಸರವಾಯಿತು. "ಬನ್ನಿ ಒಳಗೆ. ಒರಿಜಿನಲ್ಲೇ ತೋರಿಸ್ತೇನೆ."

ತೋರಿಸಿದರು. ರೂಮು ಹೇಗುಂಟು ಎಂದು ಅವರು ಕೇಳುತ್ತಾರೆ. ಕೋಟು ಕೂಡ ಬಿಚ್ಚದ ನಾನು ಹಣೆ ಉಜ್ಜಿಕೊಳ್ಳುತ್ತ, ಉಪನ್ಯಾಸದ ದನಿಯಲ್ಲಿ, "ಇಲ್ಲಿ ಬಿಸಿಲು ಬರೋದಿಲ್ಲ" ಎನ್ನುತ್ತೇನೆ. ಎಲ್ಲಿಯೂ ಕತ್ತರಿಯಿಲ್ಲ. ಫೈಲಿನ ಮೇಲಿದ್ದ ಸಮಯ ಡಿಸೆಂಬರಿನ ಸಂಜೆ ಆರು. ಹೊರಗೆ ಆಗಲೇ ಕತ್ತಲೆ. ಸೂರ್ಯ ಮುಳುಗಿದ ಮೇಲೆ ಬಂದು, ಐದೇ ನಿಮಿಷ ನೋಡಿ, ಬಿಸಿಲು ಬರುವುದಿಲ್ಲವೆಂದು ತೀರ್ಪು ಕೊಟ್ಟವನು ಸಂಖ್ಯಾಶಾಸ್ತ್ರದ ಮೇಷ್ಟ್ರು. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಫೋನಿನಲ್ಲಿ ಸುಮನಾಳ ಮುಂದೆ ತಪ್ಪು ಒಪ್ಪಿಕೊಂಡೆ.

"ಸರಿ. ಈಗ ಐದು ತಿಂಗಳಾಯ್ತಲ್ಲ. ಬಿಸಿಲು ಬರುತ್ತೋ ಇಲ್ವೋ?"

"ಬರಲ್ಲ ಅನ್ಸುತ್ತೆ. ನೋಡಿದ ನೆನಪಿಲ್ಲ."

"ನಿಮ್ಮ ನೆನಪು ಬೇಡ ಮಾರಾಯರೇ, ಕಣ್ಣು ಬಿಟ್ಟು ನೋಡಿ ಹೇಳಿ."

ನೋಡುವುದು ಹೇಗೆ? ವಾರದ ದಿನ ಆರೂವರೆಗೆ ಬಸ್ಸು ಹಿಡಿಯುತ್ತೇನೆ. ರಜೆಯಲ್ಲಿ ಒಂಬತ್ತರವರೆಗೆ ಮಲಗುತ್ತೇನೆ. ಮಣ್ಣಿನ ಮಟ್ಟಕ್ಕಿರುವ ಒಂದೇ ಕಿಟಕಿಗೆ, ಚಳಿ ನುಗ್ಗುತ್ತದೆಂದು, ಬಂದ ವಾರವೇ ರಟ್ಟು ಅಂಟಿಸಿದ್ದೆ; ಅಂಟಿಸಿದ್ದನ್ನೇ ಮರೆತಿದ್ದೆ. ಕಿತ್ತರೆ ಗಾಜಿನ ತುಂಬ ಜೇಡರ ಬಲೆ. ಮೊದಲ ಭಾನುವಾರ ಬರೀ ಮೋಡ. ಎರಡನೆಯ ಭಾನುವಾರ ಎಂಟು ಗಂಟೆ ದಾಟುತ್ತಿದ್ದಂತೆ ಪಕ್ಕದ ಎರಡು ಮನೆಗಳ ಸಂದಿಯಿಂದ ಅಂಗೈಯಗಲದ ಬೆಳಕು ಬಂದು ಅಕ್ಕಿ ಚೀಲದ ಮೇಲೆ ಕುಳಿತಿತು. ಸುಮನಾಗೆ ವಿಡಿಯೊ ಕರೆ ಮಾಡಿ ಫೋನನ್ನು ಅದರತ್ತ ತಿರುಗಿಸಿದೆ. ಅವಳು ಹಿತ್ತಲಲ್ಲಿದ್ದಳು. ಮೈಸೂರಿನಲ್ಲಿ ಆಗ ಸಂಜೆ; ಮಧ್ಯಾಹ್ನವೆಲ್ಲ ನಾವು ಪರದೆ ಎಳೆದು ಹೊರಗಿಡುತ್ತಿದ್ದ ಬಿಸಿಲು ಅವಳ ಬೆನ್ನ ಹಿಂದಿನ ಗೋಡೆಯಿಂದ ಇಳಿಯುತ್ತಿತ್ತು.

ಬೆಳಕು ಚೀಲದಿಂದ ನೆಲಕ್ಕೆ ಜಾರಿ ಹೋಗುವವರೆಗೂ ಅವಳು ಅದನ್ನೇ ನೋಡಿದಳು.

"ಇಷ್ಟು ಬಿಸಿಲಲ್ಲಿ ಕೊತ್ತಂಬರಿ ಬರಲ್ಲ," ಎಂದಳು. "ಪುದೀನ ಬರಬಹುದು. ರಾಜೀನಾಮೆ ಕೊಡಲ್ಲ ನಾನು. ಸಂಬಳ ಇಲ್ಲದ ರಜೆ ಕೇಳ್ತೀನಿ, ಒಂದು ವರ್ಷ. ಆಮೇಲೆ ನಾನೂ ನೋಡಿ ಹೇಳ್ತೀನಿ."

ಅವಳ ಒಂದು ಕಾಲು ಅಲ್ಲಿ, ಒಂದು ಇಲ್ಲಿ. ನನ್ನವು ಎಲ್ಲಿವೆಯೋ, ವಿಡಿಯೊ ನೋಡಿದವರನ್ನು ಕೇಳಬೇಕು. ಹುಡುಕಿದವರಿಗೆಲ್ಲ ಬಿಸಿಲಿಲ್ಲವೆಂಬ ಉತ್ತರವೇ ಇಂದಿಗೂ ಸಿಗುತ್ತದೆ, ಸಾಕ್ಷಿಯಾಗಿ ನನ್ನ ತೆರೆದ ಬಾಯಿ. ಆದರೆ ಆ ಬೆಳಗ್ಗೆ ಗಡಿಯಾರ ಹಿಡಿದು ಕೂತಿದ್ದೆ. ಮುಂದಿನ ಭಾನುವಾರ ಮತ್ತೆ ಕೂತು ಖಚಿತಪಡಿಸಿಕೊಂಡೆ. ಬರುತ್ತದೆ. ಹದಿನೇಳು ನಿಮಿಷ.