ನಲವತ್ತು ವೃತ್ತಗಳಲ್ಲಿ ಮೂರು ಸಸಿ

ಬೆಳಗಿನ ಆರು ಗಂಟೆ. ಕಾಡಿನೊಳಗೆ ಇನ್ನೂ ಮಬ್ಬು. ಹೆಂಗಸೊಬ್ಬರು ಮಂಡಿಯೂರಿ ಕೂತು, ನೆಲದಲ್ಲಿ ಹುಗಿದಿರುವ ಕಬ್ಬಿಣದ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಹದಿನಾಲ್ಕು ವರ್ಷದ ಹಿಂದೆ ಅದನ್ನು ಅಲ್ಲಿ ಹೊಡೆದವರೂ ಅವರೇ. "ಹೊಡೆಯೋವಾಗ ಎರಡೇ ಏಟಿಗೆ ಇಳಿದಿತ್ತು. ಈಗ ನೋಡಿ, ಅಜ್ಜಿ ಮನೆಗೆ ಬಂದ ಮಗು ತರ ಹೊರಡೋಕೇ ಒಪ್ತಿಲ್ಲ" ಎಂದು ನಗುತ್ತಾರೆ. ಗೂಟ ಕಿತ್ತು ಬಂದಾಗ ಮುಖದಲ್ಲಿ ಆ ನಗು ಇರುವುದಿಲ್ಲ.

ಇಂಥ ಗೂಟಗಳು ನಲವತ್ತಿವೆ. ತಿಂಗಳ ಕೊನೆಯೊಳಗೆ ಎಲ್ಲವನ್ನೂ ಕಿತ್ತು ಕಚೇರಿಗೆ ಒಪ್ಪಿಸಬೇಕು. ಅಲ್ಲಿಗೆ ಅವರ ಕೆಲಸವೂ ಮುಗಿಯುತ್ತದೆ.

ಪೇಟೆಯವರಿಗೆ ಇವರು ಟೇಪಕ್ಕ. ವಯಸ್ಸು ಐವತ್ಮೂರು. ಪಟ್ಟಣಸಭೆಗೆ ಸೇರಿದ ಈ ಕಾಡು ಹೇಗಿದೆ, ಬದುಕುತ್ತದೆಯೋ ಇಲ್ಲವೋ ಎಂದು ಅಳೆದು ಬರೆಯುವುದು ಅವರ ಕೆಲಸ. ಅದಕ್ಕೆಂದೇ ಸಂಸ್ಥೆಯೊಂದು ವರ್ಷವರ್ಷವೂ ಅನುದಾನ ಕೊಡುತ್ತದೆ. ಪ್ರತಿ ಗೂಟದ ಸುತ್ತ ಹತ್ತು ಮೀಟರು ಟೇಪು ಹಿಡಿದು ಒಂದು ವೃತ್ತ. ಅದರೊಳಗೆ ಹೊಸ ಸಸಿ ಎಷ್ಟು, ಜಿಂಕೆ ತೊಗಟೆ ಸುಲಿದ ಮರ ಎಷ್ಟು, ನಿಂತಲ್ಲೇ ಒಣಗಿದ್ದೆಷ್ಟು, ಬಿದ್ದು ಕೊಳೆಯುತ್ತಿರುವುದೆಷ್ಟು ಎಂದು ಎಣಿಸಬೇಕು.

"ಸತ್ತ ಮರ ಎಣಿಸೋದು ಸುಲಭ, ಎದುರಿಗೇ ನಿಂತಿರುತ್ತೆ. ಸಸಿ ಹಾಗಲ್ಲ. ಎರಡೆಲೆ ಬಿಟ್ಕೊಂಡು ಹುಲ್ಲಲ್ಲಿ ಬಚ್ಚಿಟ್ಕೊಂಡಿರುತ್ತೆ. ಮಂಡಿ ಊರದೆ ಸಿಗಲ್ಲ."

ದಿನಕ್ಕೆ ಐದು ವೃತ್ತ. ಒಂದು ಸುತ್ತಿಗೆ ಎಂಟು ದಿನ. ವರ್ಷಕ್ಕೆ ಮೂರು ಸುತ್ತು. ಮಂಡಿಚಿಪ್ಪು ಸವೆದಿದೆ. ಒಮ್ಮೆ ಹಳ್ಳದಲ್ಲಿ ಜಾರಿ ಮುರಿದ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿದೆ. ಮನೆಗೆ ಹೋದ ಮೇಲೆ ಮೈಗೆ ಕಚ್ಚಿದ ಉಣ್ಣಿಗಳನ್ನು ಜೊತೆಗಿರುವ ಅಕ್ಕ ಚಿಮುಟದಲ್ಲಿ ಕಿತ್ತು ಹಾಕಬೇಕು. ಇದಕ್ಕೂ ಮೊದಲು ಹನ್ನೊಂದು ವರ್ಷ ಪ್ಲೈವುಡ್ ಕಾರ್ಖಾನೆಯಲ್ಲಿದ್ದರು. ಹಾಳೆಗಳಲ್ಲಿ ಗಂಟು, ಸೀಳು ಹುಡುಕಿ ಬೇರೆ ಮಾಡುವ ಕೆಲಸ. ಕಾರ್ಖಾನೆ ಮುಚ್ಚಿದಾಗ, ಅಲ್ಲೇ ವ್ಯಾನು ಓಡಿಸುತ್ತಿದ್ದ ಭಾವನೂ, ಅಂದರೆ ಅಕ್ಕನ ಗಂಡ, ಇವರ ಜೊತೆ ಕಾಡಿಗೆ ಬಂದರು. ಟೇಪಿನ ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ಭಾವನ ಕೈಯಲ್ಲಿ.

ಈಗ ಭಾವ ಬರುವುದಿಲ್ಲ. ಮಾತೂ ಇಲ್ಲ.

ಅನುದಾನಕ್ಕೊಂದು ನಿಯಮವಿದೆ. ಸಸಿಗಳ ಒಟ್ಟು ಲೆಕ್ಕ ಸತತ ಮೂರು ವರ್ಷ ಇಪ್ಪತ್ತೈದಕ್ಕಿಂತ ಕೆಳಗಿಳಿದರೆ ಆ ಕಾಡು ಚೇತರಿಸಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿ, ಹಣವನ್ನು ಬೇರೆ ಕಾಡಿಗೆ ಕೊಡುತ್ತಾರೆ. ಈ ಸಲದ್ದು ಮೂರನೇ ವರ್ಷ. ನಲವತ್ತು ವೃತ್ತಗಳಲ್ಲಿ ಸಿಕ್ಕಿದ್ದು ಮೂರು ಸಸಿ. "ಇನ್ನೊಂದ್ಸಲ ನೋಡಮ್ಮ, ಕಣ್ತಪ್ಪಿರಬಹುದು" ಎಂದು ಪಟ್ಟಣಸಭೆಯ ಅಧಿಕಾರಿ ಫೋನು ಮಾಡಿದರು. ಮತ್ತೆ ಎಂಟು ದಿನ ಮಂಡಿಯೂರಿದರು. ಮೂರೇ.

ವಾಪಸು ಬರುವಾಗ ಭಾವ ಗಾಡಿಯನ್ನು ದಾರಿಬದಿಗೆ ನಿಲ್ಲಿಸಿ ಹೇಳಿದರಂತೆ: "ಮೂರರ ಪಕ್ಕ ಒಂದು ಸೊನ್ನೆ ಹಾಕು. ಯಾರು ಬಂದು ಎಣಿಸ್ತಾರೆ? ಕಾಡಿಗೂ ಒಳ್ಳೇದೇ ತಾನೆ, ಮುಂದೆ ಯಾವತ್ತಾದ್ರೂ ಜಿಂಕೆ ಬರದ ಹಾಗೆ ಬೇಲಿ ಹಾಕ್ತಾರೆ."

"ಹದಿನಾಲ್ಕು ವರ್ಷದಿಂದ ಬೇಲಿ ಬರಲಿಲ್ಲ ಭಾವ. ನಾವು ಮಾತ್ರ ಬರ್ತಾ ಇದೀವಿ" ಎಂದರು ಇವರು. ಹಾಳೆಯ ಮೇಲೆ ಮೂರು ಎಂದೇ ಬರೆದರು.

ಒಂದು ಸೊನ್ನೆಗೆ ಇಷ್ಟು ಹಟ ಯಾಕೆ ಎಂದು ಕೇಳುತ್ತೇನೆ. ಕಿತ್ತ ಗೂಟಕ್ಕೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೂರುತ್ತಾರೆ.

"ಒಂದ್ಸಲ ಸುಳ್ಳು ಬರೆದಿದ್ದೆ. ಒಂಬತ್ತನೇ ವರ್ಷದ ಕೊನೇ ಸುತ್ತು. ಜ್ವರ ಇತ್ತು. ಹಳ್ಳದ ಕಡೆ ಆರು ವೃತ್ತ ಬಾಕಿ ಇತ್ತು. ಮನೇಲಿ ಕೂತು ಹಿಂದಿನ ವರ್ಷದ ಅಂಕಿನೇ ಇಳಿಸಿಬಿಟ್ಟೆ. ಮುಂದಿನ ವರ್ಷ ಹೋಗಿ ನೋಡಿದ್ರೆ ಹದಿನೇಳು ಮರದ ತೊಗಟೆಯಿಂದ ಕಪ್ಪು ರಸ ಸೋರ್ತಿತ್ತು. ಮರದ ರೋಗ ನೋಡೋ ಡಾಕ್ಟರು ಬಂದ್ರು. ಹೋದ ವರ್ಷ ಗೊತ್ತಾಗಿದ್ರೆ ಒಂದೆರಡು ಮರ ಕಡಿದು ಸುಟ್ಟಿದ್ರೆ ಸಾಕಾಗ್ತಿತ್ತು ಅಂದ್ರು. ಹಾಳೇಲಿ ಏನೂ ಇಲ್ವಲ್ಲ, ಹೇಗೆ ಬಂತು ಅಂತ ನನ್ನನ್ನೇ ಕೇಳಿದ್ರು. ನಾನು ಬಾಯಿ ಬಿಡಲಿಲ್ಲ."

ಬೀಜ ಉದುರಿಸುತ್ತಿದ್ದ ದೊಡ್ಡ ಮರಗಳೆಲ್ಲ ಆ ಕಡೆಯೇ ಇದ್ದವು. ಈಗ ಅಲ್ಲಿ ಬೋಳು ಬೊಡ್ಡೆಗಳಷ್ಟೇ ಉಳಿದಿವೆ.

ನನ್ನ ಪೆನ್ನು ನಿಂತದ್ದನ್ನು ಅವರು ಗಮನಿಸುತ್ತಾರೆ. "ಯಾಕೆ ನಿಲ್ಲಿಸಿದ್ರಿ? ಅದನ್ನೂ ಬರ್ಕೊಳ್ಳಿ."

ಅವರ ಮನೆ ಟೈರು ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಭಾವ ತಟ್ಟೆ ಹಿಡಿದು ಗೋಡೆಗೆ ಮುಖ ಮಾಡಿ ಊಟ ಮಾಡುತ್ತಾರೆ, ಇನ್ನೊಂದರಲ್ಲಿ ಇವರು. ನಡುವಿನ ಬಾಗಿಲಲ್ಲಿ ಸೌಟು ಹಿಡಿದು ನಿಂತ ಅಕ್ಕ ಇಬ್ಬರಿಗೂ ಬಡಿಸುತ್ತಾರೆ. "ಇವಳು ಮಾಡಿದ್ದು ತಪ್ಪು ಅಂತ ಅವರೂ ಹೇಳಲ್ಲ. ಆದ್ರೆ ಅರವತ್ತಾದ ಮೇಲೆ ಅವರಿಗೆ ಯಾರು ಸ್ಟಿಯರಿಂಗ್ ಕೊಡ್ತಾರೆ ಹೇಳಿ" ಎನ್ನುತ್ತಾರೆ ಅಕ್ಕ, ದನಿ ತಗ್ಗಿಸಿ. ಒಳಗಿನಿಂದ ಭಾವ ಕೆಮ್ಮುತ್ತಾರೆ. ಅಕ್ಕ ಸೌಟು ಹಿಡಿದು ಆ ಕಡೆ ಹೋಗುತ್ತಾರೆ.

ಅನುದಾನ ಹೊಳೆಯಾಚೆಯ ಕಾಡೊಂದಕ್ಕೆ ಹೋಗಿದೆ. ಅಲ್ಲಿನ ಎಣಿಕೆಗೆ ಹೊಸಬರು ಸಿಕ್ಕಿದ್ದಾರೆ. ಇವರನ್ನು ಯಾರೂ ಕರೆದಿಲ್ಲ. ಮುಂದೇನು ಎಂದರೆ, ಬಟ್ಟೆ ಅಂಗಡಿಯಲ್ಲಿ ಕೇಳಿದ್ದೇನೆ, ನೋಡೋಣ ಎನ್ನುತ್ತಾರೆ.

ಹೊರಡುವ ಮುನ್ನ, ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರಬೇಕು ಅಂತ ಆಸೆ ಎಂದು ಕೇಳುತ್ತೇನೆ. ಸೆರಗಿನಿಂದ ಕೈ ಒರೆಸಿಕೊಂಡು, ಸ್ವಲ್ಪ ಯೋಚಿಸಿ ಹೇಳುತ್ತಾರೆ:

"ಕಾಡು ಉಳಿಸಿದೋಳು ಅಂತ ಮಾತ್ರ ಹಾಕ್ಬೇಡಿ. ಉಳಿದಿಲ್ಲ. ಈ ಸಲ ಎಣಿಸಿದ್ದು ಸರಿ ಇದೆ ಅಂತ ಹಾಕಿ. ಯಾರು ಬೇಕಾದ್ರೂ ಬಂದು ನೋಡ್ಲಿ."