ವಿಲಾಯ್ತಿ ಗಸಗಸೆಯ ಮೊಳಕೆ

ಹೊಳಲೂರಿನ ಈಶ್ವರಮ್ಮನವರ ಕೈಗೆ ಸಿಕ್ಕಿಯೂ ಮೊಳೆಯದ ಕಾಳು ಈ ಭೂಮಂಡಲದಲ್ಲಿ ಇನ್ನೂ ಬೆಳೆದಿಲ್ಲ. ಇದು ಊರಿನ ಹೆಂಗಸರು ಒಮ್ಮತದಿಂದ ಒಪ್ಪಿಕೊಂಡ ಸತ್ಯ. ಹುಳು ತಿಂದು ಅರ್ಧವಾದ ಹುರುಳಿಯನ್ನೂ ಅವರು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಗಂಟಿಗೆ ಎರಡು ಸಲ ತಟ್ಟಿ ಮೂಲೆಯಲ್ಲಿಟ್ಟರೆ ಸಾಕು, ಬೆಳಗಾಗುವಷ್ಟರಲ್ಲಿ ಅದು ಬಾಲ ಬಿಟ್ಟುಕೊಂಡು ಹಾಜರು. ಒಮ್ಮೆ ಹೆಸರುಕಾಳಿನ ಜೊತೆ ಗಂಡನ ಅಂಗಿಯ ಗುಂಡಿಯೊಂದು ಗಂಟಿಗೆ ಸೇರಿಹೋಗಿತ್ತಂತೆ. ಮರುದಿನ ಬಿಚ್ಚಿ ನೋಡಿದರೆ ಗುಂಡಿಯ ತೂತಿನಿಂದಲೂ ಬೆಳ್ಳನೆಯ ಮೊಳಕೆ ಇಣುಕುತ್ತಿತ್ತು. ಪಕ್ಕದ ಕಾಳಿನ ಬಾಲ ತೂತಿಗೆ ಸಿಕ್ಕಿಕೊಂಡಿತ್ತು ಅಷ್ಟೇ ಎಂದು ವಾದಿಸಿದವರ ಮಾತನ್ನು ಹೊಳಲೂರಿನಲ್ಲಿ ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಇಂಥ ಈಶ್ವರಮ್ಮ ಕಳೆದ ಡಿಸೆಂಬರಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಧರಿಸಿ, ಒಂದು ತಿಂಗಳು ಹನಿ ಹಾಕಿಸಿಕೊಳ್ಳಲು ಭದ್ರಾವತಿಯ ಮಗಳ ಮನೆಗೆ ಬಂದರು. ಶಿವಮೊಗ್ಗದ ಕಣ್ಣಿನ ಡಾಕ್ಟರ ಬಳಿ ನಾಲ್ಕು ಸಲ ಕರೆದೊಯ್ದವನು, ಹೆದರಿ ವಾಪಸ್ ಹೊರಟವರನ್ನು ಆಟೋದಿಂದ ಇಳಿಸಿ ಪುಸಲಾಯಿಸಿದವನು ಅಳಿಯ ಪ್ರಸನ್ನಕುಮಾರ.

ಪ್ರಸನ್ನಕುಮಾರ ಹಗಲಲ್ಲಿ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಗುಮಾಸ್ತ. ಸಂಜೆ ಬಸ್ಸಿಳಿದರೆ ಜಲಚರಗಳ ಚಕ್ರವರ್ತಿ. ಸಾಮ್ರಾಜ್ಯವೆಂದರೆ ಹಜಾರದ ಎರಡು ಗಾಜಿನ ತೊಟ್ಟಿ. ಒಂದರಲ್ಲಿ ಬಿಳಿ ಏಂಜಲ್ ಮೀನಿನ ಜೋಡಿ. ಐದು ಸಲ ಮೊಟ್ಟೆಯಿಟ್ಟು, ಐದು ಸಲವೂ ತಾವೇ ನುಂಗಿ ನೀರು ಕುಡಿದ ದಂಪತಿ. ಆರನೆಯ ಸಲ, ಅತ್ತೆ ಬಂದ ವಾರದಲ್ಲೇ, ಅದೇನು ಬುದ್ಧಿ ಬಂತೋ, ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಬೀಸುತ್ತ ಕಾವಲು ನಿಂತವು. ಅರವತ್ತು ಮರಿಗಳಾದವು. ಪ್ರಸನ್ನಕುಮಾರ ಕಚೇರಿಯಲ್ಲಿ ಪೇಡ ಹಂಚಿ, ಯಾರಿಗೆ ಮಗುವಾಯಿತೆಂದು ಕೇಳಿದವರಿಗೆ ಇನ್ನೊಂದು ಪೇಡ ಕೊಟ್ಟು ಮುಂದೆ ಹೋದ.

ಆದರೆ ಏಂಜಲ್ ಮರಿಗಳು ಈಜಲು ಶುರುಮಾಡಿದ ಮೇಲೆ ಎರಡು ದಿನದೊಳಗೆ ತಿನ್ನಬೇಕು. ಅದೂ ಕಣ್ಣೆದುರು ಮಿಸುಕಾಡುವ ಆಹಾರವೇ ಆಗಬೇಕು. ಪುಡಿ ಉದುರಿಸಿದರೆ ಮೂಸಿಯೂ ನೋಡವು. ಅದಕ್ಕೆಂದೇ ಶಿವಮೊಗ್ಗದ ಸವಳಂಗ ರಸ್ತೆಯ ಸಾಕುಮೀನಿನ ಅಂಗಡಿಯ ಸಿದ್ದು ಒಂದು ಡಬ್ಬಿ ಕೊಟ್ಟಿದ್ದ. ಒಳಗೆ ಕಾಫಿಪುಡಿಯಂಥ ಕಂದು ಪುಡಿ. ಅದು ಉಪ್ಪುನೀರಿನ ಸಿಗಡಿಯ ಮೊಟ್ಟೆ. ಲೀಟರ್ ನೀರಿಗೆ ಎರಡು ಚಮಚ ಹರಳುಪ್ಪು, ಚಿಟಿಕೆ ಮೊಟ್ಟೆ, ತೊಟ್ಟಿಯ ಪಂಪಿನಿಂದ ಗುಳುಗುಳು ಗಾಳಿ. ಒಂದು ದಿನಕ್ಕೆ ಸಾಸಿವೆಗಿಂತ ಸಣ್ಣ ಸಿಗಡಿಮರಿಗಳು ತಯಾರು.

ಸಿಗಡಿ. ಆ ಪದವೇ ಕಂಟಕ. ಈಶ್ವರಮ್ಮ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಹಿಂದೊಮ್ಮೆ ನೆಂಟರ ಮನೆಯ ಫ್ರಿಜ್ಜಿನಲ್ಲಿ ಕೋಳಿಮೊಟ್ಟೆ ಕಂಡು, ನೀರೂ ಮುಟ್ಟದೆ ಬಂದ ಬಸ್ಸಿಗೇ ಹತ್ತಿದವರು. ಈಗ ಹೀಗೆ ಹೊರಟುಬಿಟ್ಟರೆ ಕಣ್ಣಿಗೆ ಹನಿ ಹಾಕುವವರಾರು? ಸಿಗಡಿ ಮಾಡದಿದ್ದರೆ ಅರವತ್ತು ಹೊಟ್ಟೆಗೆ ದಿಕ್ಕಾರು? ಹೆಂಡತಿ ಶೀಲಾ ಉಪಾಯ ಹೂಡಿದಳು. ಆಪರೇಷನ್ ಆದ ಕಣ್ಣು, ಕಪ್ಪು ಕನ್ನಡಕ; ಅವ್ವನಿಗೇನು ಕಾಣುತ್ತೆ, ಮೊಳಕೆ ಅಂದುಬಿಡೋಣ.

ಗುರುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಆ ಮೊಟ್ಟೆ ಹಾಕಿದ ಸೋಡಾ ಬಾಟಲಿ ಗುಳುಗುಳು ಅನ್ನತೊಡಗಿದಾಗ ಈಶ್ವರಮ್ಮ ಅದೇನೆಂದು ಕೇಳಿದರು.

"ಮೊಳಕೆಗೆ ಹಾಕಿದೀನಿ ಅತ್ತೆ. ಗಸಗಸೆ. ವಿಲಾಯ್ತಿದು."

"ಹರಳುಪ್ಪು ಹಾಕಿದ್ರಲ್ಲ, ಉಪ್ಪುನೀರಲ್ಲಿ ಮೊಳಕೆನಾ?"

"ವಿಲಾಯ್ತಿದಲ್ವಾ, ಅದಕ್ಕೆ."

ಈಶ್ವರಮ್ಮ ಡಬ್ಬಿ ಎತ್ತಿ, ತಿರುಗಿಸಿ, ಇಟ್ಟರು. ಹ್ಞೂಂ ಎಂದರು. ಶೀಲಾ ಉಸಿರು ಬಿಟ್ಟಳು.

ಶುಕ್ರವಾರ ಏಂಜಲ್ ಮರಿಗಳು ಈಜಿದವು. ಬಾಟಲಿಯಲ್ಲಿ ಮಾತ್ರ ಜೀವದ ಸುಳಿವಿಲ್ಲ. ಶನಿವಾರ ಬೆಳಿಗ್ಗೆಯೂ ಇಲ್ಲ. ತೊಟ್ಟಿಯ ಮೂಲೆಯಲ್ಲಿ ಮರಿಗಳು ಗಾಜಿನ ಮೇಲಿನ ಚುಕ್ಕೆಗಳನ್ನೇ ಕುಕ್ಕಿ ಕುಕ್ಕಿ ಸೋಲುತ್ತಿದ್ದವು. ಎರಡು ಆಗಲೇ ತಳ ಸೇರಿದ್ದವು. ಪ್ರಸನ್ನಕುಮಾರ ತಿಂಡಿ ಬಿಟ್ಟ. ಅತ್ತೆಯ ಕಣ್ಣಿಗೆ ಹನಿ ಹಾಕುವಾಗ ತೊಟ್ಟಿಯ ಕಡೆಗೇ ನೋಡುತ್ತ ಒಂದು ಹನಿಯನ್ನು ಕೆನ್ನೆಗೆ ಬೀಳಿಸಿದ. ಗಸಗಸೆ ಮೊಳೀಲಿಲ್ಲವಾ ಎಂದು ಅವರು ಕೇಳಿದರು. ಇಲ್ಲ ಎಂದವನೇ ಶಿವಮೊಗ್ಗದ ಬಸ್ಸು ಹಿಡಿದ.

ಸಿದ್ದು ಬೇರೆ ಡಬ್ಬಿ ಕೊಟ್ಟ, ಧೈರ್ಯ ಕೊಡಲಿಲ್ಲ. ಈಗ ಹಾಕಿದರೂ ನಾಳೆಗೇ ಅಣ್ಣ, ಅಷ್ಟರೊಳಗೆ ನಿಮ್ಮ ಮರಿ ಇರಬೇಕಲ್ಲ ಎಂದ.

ಮಧ್ಯಾಹ್ನ ನಾಲ್ಕಕ್ಕೆ ಮನೆಗೆ ಬಂದು ನೋಡಿದರೆ ಬಾಟಲಿ ಖಾಲಿ. ತೊಳೆದು ಬೋರಲು ಹಾಕಲಾಗಿತ್ತು. ಶೀಲಾ ಹಿಂದೆಯೇ ಓಡಿ ಬಂದಳು. ತಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವ್ವ ಏನೋ ಮಾಡಿದ್ದಾಳೆ ಎಂದಳು. ಪ್ರಸನ್ನಕುಮಾರ ಕಣ್ಮುಚ್ಚಿ ಕಲ್ಪಿಸಿಕೊಂಡ: ಒದ್ದೆ ಬಟ್ಟೆ, ಬಿಗಿದ ಗಂಟು, ಎರಡು ತಟ್ಟು, ಅದರೊಳಗೆ ಸಾವಿರ ಸಿಗಡಿಗಳ ಸಾಮೂಹಿಕ ಅಂತ್ಯ.

ಈಶ್ವರಮ್ಮ ಬಚ್ಚಲಿನ ಕಡೆ ಕೈ ತೋರಿಸಿದರು.

ಸ್ನಾನದ ಹಂಡೆಯ ಪಕ್ಕ, ಒಲೆಯ ಬೆಚ್ಚಗಿನ ಕಟ್ಟೆಯ ಮೇಲೆ ಹಿಟ್ಟು ನಾದುವ ಅಗಲವಾದ ಪರಾತ. ಅದರ ಮೇಲೆ ಅವರು ಹೊಳಲೂರಿನಿಂದ ಹೊದ್ದು ಬಂದ ಉಣ್ಣೆ ಶಾಲು. ಎತ್ತಿ ನೋಡಿದ. ಬಾಟಲಿಯ ಉಪ್ಪುನೀರೆಲ್ಲ ಹಾಗೇ ಅದರಲ್ಲಿತ್ತು. ಕಿಟಕಿಯ ಬೆಳಕು ಬಿದ್ದ ಅಂಚಿಗೆ ಕಿತ್ತಳೆ ಬಣ್ಣದ ಮೋಡವೊಂದು ಸರಿದು ಬಂತು. ಮೋಡ ಮಿಸುಕಾಡುತ್ತಿತ್ತು.

ಪ್ರಸನ್ನಕುಮಾರ ಕರ್ಚೀಫಿನಲ್ಲಿ ಸೋಸಿ, ಸಿಹಿನೀರಲ್ಲಿ ಜಾಲಿಸಿ, ಓಡಿ ಹೋಗಿ ತೊಟ್ಟಿಗೆ ಹನಿಸಿದ. ಐವತ್ತೆಂಟು ಮರಿಗಳು ಒಂದು ಕ್ಷಣ ಬೆರಗಾದವು, ಆಮೇಲೆ ನುಗ್ಗಿದವು. ಹತ್ತು ನಿಮಿಷಕ್ಕೆ ಒಂದೊಂದರ ಗಾಜಿನಂಥ ಹೊಟ್ಟೆಯಲ್ಲೂ ಕಿತ್ತಳೆಯ ಒಂದೊಂದು ಬೊಟ್ಟು. ಅವನ ಕಣ್ಣು ತುಂಬಿತು. ಹಿಂದೆ ನಿಂತಿದ್ದ ಈಶ್ವರಮ್ಮ ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿ, ಆ ಮೂಲೆಯ ಚಿಕ್ಕದಕ್ಕೆ ಸಿಕ್ಕಿಲ್ಲ, ಅಲ್ಲಿಗೂ ಎರಡು ಹನಿ ಹಾಕಿ ಎಂದರು.

ಇನ್ನು ಅವನಿಂದ ತಡೆಯಲಾಗಲಿಲ್ಲ.

"ಅತ್ತೆ, ಸುಳ್ಳು ಹೇಳಿದ್ದೆ. ಅದು ಗಸಗಸೆ ಅಲ್ಲ."

"ಸಿಗಡಿ ಅಲ್ವಾ."

"ಗೊತ್ತಿದ್ದೂ ನೀವು..."

"ಹಸಿದಿದ್ವು. ಅವು ತಿನ್ನೋದು ಅದನ್ನೇ ಅಂದ್ಮೇಲೆ ನಾನೇನು ಹೇಳ್ಲಿ? ಬಾಟ್ಲೀಲಿದ್ದದ್ದೂ ಚಳೀಲಿ ಕೂತಿತ್ತು, ಹೊದಿಸ್ದೆ." ಮಗಳತ್ತ ತಿರುಗಿದರು. "ಆ ಪರಾತ ಮಾತ್ರ ಇನ್ನು ಅಡುಗೆಮನೆಗೆ ತರ್ಬೇಡ ಮಾರಾಯ್ತಿ."

ಹೊರಡುವ ಮಾತೇ ಇಲ್ಲ. ಗೋಡೆಯ ಗಡಿಯಾರ ನೋಡಿ, ಹನಿ ಹಾಕುವ ಹೊತ್ತಾಯಿತೆಂದು ಕುರ್ಚಿಯಲ್ಲಿ ಕೂತು ಕತ್ತು ಹಿಂದಕ್ಕೆ ಚಾಚಿದರು. ಪ್ರಸನ್ನಕುಮಾರ ಔಷಧಿ ಹಿಡಿದು ಬಂದ. ಗುಂಡಿಗೂ ಮೊಳಕೆ ಬರಿಸಿದ ಕೈ ಇದು. ಇದರ ಹಿಂದೆ ಏನೋ ಒಂದು ದಿವ್ಯದೃಷ್ಟಿ ಇರಲೇಬೇಕು ಎಂದು ಅವನಿಗೆ ಖಾತ್ರಿಯಾಗಿತ್ತು. ಈ ಸಲ ಗುರಿ ತಪ್ಪದೆ ಒಂದು ಹನಿ ಹಾಕಿ, ಸಿಗಡಿ ಅಂತ ನಿಮಗೆ ತಿಳಿದದ್ದು ಹೇಗೆ ಅತ್ತೆ ಎಂದು ಭಕ್ತಿಯಿಂದ ಕೇಳಿದ.

"ಡಬ್ಬಿ ಮೇಲೆ ಮೀಸೆ ಸಮೇತ ಚಿತ್ರ ಇದೆ. ಕಣ್ಣಿನ ಆಪರೇಷನ್ ಮಾಡಿಸಿದ್ದು ನೀವೇ ಅಲ್ವಾ ಅಳಿಯಂದ್ರೇ?"